ಚೀಲ ಕುಡಿದ ನೀರು



ಈ ಸಲದ ಬರಹ ಬಿಯರಿನಿಂದ ಆರಂಭವಾಗುತ್ತದೆ. ‘ಮೇಷ್ಟ್ರಿಗೆ ಇಳಿವಯಸ್ಸಿನಲ್ಲಿ ಇದೇನಾಯಿತು?’ ಎಂದು ಘಟ್ಟದ ಕೆಳಗಿನ ಬಂಧುಗಳು ಹುಬ್ಬೇರಿಸಬಹುದು. ಕೊಡಗಿನವರಿಗೆ ಅಷ್ಟೇನೂ ಆಶ್ಚರ್ಯವಾಗಲಾರದು. ನಾನು ಹೇಳಹೊರಟಿರುವುದು ಕುಡಿಯುವ ಸಂಗತಿಯನ್ನೇ. ಆದರೆ ಮನುಷ್ಯರು ಕುಡಿಯುವುದನ್ನಲ್ಲ, ಬಟ್ಟೆಯ ಚೀಲವೊಂದು ಕುಡಿದ ನೀರಿನ ಲೆಕ್ಕವನ್ನು. ಆ ಲೆಕ್ಕ ಕಡೆಗೆ ನನ್ನದೇ ಒಂದು ಹಳೆಯ ತಪ್ಪಿನ ಲೆಕ್ಕವಾಗಿ ನಿಂತಿತು. ಅದನ್ನು ಇಲ್ಲಿ ಬರೆದಿಡದೆ ಮನಸ್ಸಿಗೆ ಸಮಾಧಾನವಿಲ್ಲ.

2014ರಲ್ಲಿ ನನ್ನ ತಂಗಿಯ ಮಗನ ಆಹ್ವಾನದ ಮೇರೆಗೆ ಅಮೆರಿಕದ ಒರೆಗಾನ್ ರಾಜ್ಯದಲ್ಲಿರುವ ಅವನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಅವನಿಗೆ ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸ. ಆ ದೇಶದಲ್ಲಿ ಮಾರುವ ಉದ್ದೇಶವಿಲ್ಲದೆ ಮನೆಬಳಕೆಗಾಗಿ ಬಿಯರ್ ಮಾಡಿಕೊಳ್ಳಲು 1978ರಲ್ಲಿ ಅಂಗೀಕಾರವಾದ ಕಾನೂನಿನ ಪ್ರಕಾರ ಅನುಮತಿಯಿದೆ. ನಮ್ಮ ಕರ್ನಾಟಕದಲ್ಲಿ ಅಬಕಾರಿ ಕಾಯಿದೆಯಂತೆ ಪರವಾನಗಿ ಇಲ್ಲದೆ ಅದನ್ನು ಮಾಡುವಂತಿಲ್ಲ. ಹಾಗಾಗಿ ಓದುಗರು ಇದನ್ನು ಪಾಕಶಾಸ್ತ್ರದ ಪಾಠವೆಂದು ತಿಳಿಯಬಾರದು, ಅಳತೆಯ ಪಾಠವೆಂದಷ್ಟೇ ತಿಳಿಯಬೇಕು.

ಅವನು ಅನುಸರಿಸುತ್ತಿದ್ದದ್ದು ‘ಚೀಲದ ವಿಧಾನ’. 2000ರ ದಶಕದಲ್ಲಿ ಆಸ್ಟ್ರೇಲಿಯಾದ ಹವ್ಯಾಸಿಗಳು ಇದನ್ನು ರೂಢಿಗೆ ತಂದರಂತೆ. ಮೂರು ನಾಲ್ಕು ಪಾತ್ರೆಗಳ ಬದಲು ಒಂದೇ ದೊಡ್ಡ ಹಂಡೆ. ಹಂಡೆಯ ನೀರನ್ನು ಕಾಯಿಸಿ, ತೆಳುವಾದ ಬಲೆಬಟ್ಟೆಯ ಚೀಲವನ್ನು ಅದರೊಳಗೆ ಇಳಿಬಿಟ್ಟು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಆ ಚೀಲಕ್ಕೆ ಸುರಿಯುತ್ತಾರೆ. 65ರಿಂದ 68 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಗಂಟೆ ಬಿಡುತ್ತಾರೆ. ಮೊಳಕೆ ಒಡೆಯುವಾಗ ಧಾನ್ಯದಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಮೊಳಕೆ ರಾಗಿಯ ಹಿಟ್ಟಿನ ಗಂಜಿ ಬರಿಯ ರಾಗಿಗಂಜಿಗಿಂತ ತೆಳುವಾಗಿ, ಸಿಹಿಯಾಗಿ ಇರುವುದು ಇದೇ ಕಿಣ್ವಗಳಿಂದ. ಬಳಿಕ ಚೀಲವನ್ನು ಮೇಲೆತ್ತಿ, ತೂಗುಹಾಕಿ, ಸೋರಿದಷ್ಟು ಸೋರಿಸಿ, ಉಳಿದ ಸಿಹಿನೀರಿಗೆ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಒಂದು ಗಂಟೆ ಕುದಿಸುತ್ತಾರೆ. ಆರಿದ ಮೇಲೆ ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ವಿಧಾನ ಇಷ್ಟೇ.

ಒಂದು ಶನಿವಾರ ಬೆಳಿಗ್ಗೆ ಅವನು ತಲೆ ಕೆರೆದುಕೊಂಡು ಕುಳಿತಿದ್ದ. “ಮಾವ, ನೀವು ವಿಜ್ಞಾನದ ಮೇಷ್ಟ್ರು. ಹೇಳಿ, ಪ್ರತಿ ಸಲವೂ ನನಗೆ ಒಂದು ಲೀಟರ್ ಹತ್ತಿರ ಹತ್ತಿರ ಕಡಿಮೆ ಬರುತ್ತದೆ. ಎಲ್ಲಿಗೆ ಹೋಗುತ್ತದೆ?” ಎಂದ. ಅವನ ಲೆಕ್ಕ ಹೀಗಿತ್ತು. ಕಡೆಗೆ ಹುದುಗುವ ಪಾತ್ರೆಗೆ 20 ಲೀಟರ್ ಬೇಕು. ಹಂಡೆಯ ತಳದ ಗಸಿಯೊಂದಿಗೆ 2 ಲೀಟರ್ ಉಳಿಯುತ್ತದೆ. ಒಂದು ಗಂಟೆ ಕುದಿಸಿದರೆ ಆ ಹಂಡೆಯಿಂದ 4 ಲೀಟರ್ ಆವಿಯಾಗುತ್ತದೆ. 5 ಕಿಲೋ ಧಾನ್ಯ ಚೀಲದಲ್ಲಿ ಸುಮಾರು 3 ಲೀಟರ್ ಹಿಡಿದಿಟ್ಟುಕೊಳ್ಳುತ್ತದೆ. ಎಲ್ಲವನ್ನೂ ಕೂಡಿದರೆ 29 ಲೀಟರ್. ಅಷ್ಟನ್ನು ಅಳೆದೇ ಹಾಕುತ್ತಿದ್ದ. ಹಂಡೆಯಲ್ಲಿ ಎಷ್ಟಿದೆ ಎಂದು ನೋಡಲು ಲೀಟರಿಗೊಂದು ಗುರುತು ಕೊರೆದ ಮರದ ಕೋಲೊಂದನ್ನು ಮಾಡಿಕೊಂಡಿದ್ದ. ಕೋಲಿನ ಗುರುತು 22ಕ್ಕೆ ಇಳಿಯುವ ತನಕ ಕುದಿಸಿ ಒಲೆ ಆರಿಸುತ್ತಿದ್ದ. ಆದರೆ ಮರುದಿನ ಪಾತ್ರೆಯಲ್ಲಿ 20 ಲೀಟರ್ ಇರಬೇಕಾದ ಕಡೆ 19ಕ್ಕೆ ಚೂರು ಮೇಲಷ್ಟೇ ಇರುತ್ತಿತ್ತು.

ಆ ಕೋಲನ್ನು ಕೈಯಲ್ಲಿ ಹಿಡಿದು, “ಈ ಗುರುತುಗಳನ್ನು ಯಾವ ನೀರು ಹಾಕಿ ಕೊರೆದೆ, ತಣ್ಣೀರೋ ಬಿಸಿನೀರೋ?” ಎಂದು ಕೇಳಿದೆ. “ನಲ್ಲಿಯ ತಣ್ಣೀರು” ಎಂದ. ಉತ್ತರ ಅಲ್ಲೇ ಇತ್ತು. ತಣ್ಣೀರು ಕುದಿಯುವ ಹಂತಕ್ಕೆ ಬರುವಾಗ ಅದರ ಗಾತ್ರ ನೂರಕ್ಕೆ ನಾಲ್ಕರಷ್ಟು ಹಿಗ್ಗುತ್ತದೆ. ಕುದಿಯುವಾಗ 22 ಲೀಟರ್ ತೋರಿದ್ದು ಆರಿದಾಗ 21.1 ಲೀಟರ್ ಆಗುತ್ತದೆ. ಕಾಣೆಯಾದ 900 ಮಿಲಿಲೀಟರನ್ನು ಯಾರೂ ಕದ್ದಿರಲಿಲ್ಲ, ಅದು ಚೆಲ್ಲಿಯೂ ಇರಲಿಲ್ಲ, ಕುಗ್ಗಿತ್ತು, ಅಷ್ಟೇ. ಅಂದಿನಿಂದ ಅವನು ಬಿಸಿಯಿರುವಾಗ ಕೋಲಿನ 23ನೆಯ ಗುರುತಿಗೇ ನಿಲ್ಲಿಸತೊಡಗಿದ.

ಅವನಿಗೆ ಇನ್ನೊಂದು ಹೆಮ್ಮೆಯಿತ್ತು, ದಕ್ಷತೆಯದ್ದು. 5 ಕಿಲೋ ಮೊಳಕೆ ಬಾರ್ಲಿಯಲ್ಲಿ ನೀರಿಗೆ ಇಳಿಯಬಲ್ಲ ಸಾರ ಹೆಚ್ಚೆಂದರೆ 4 ಕಿಲೋ. ಅದರಲ್ಲಿ ನಮಗೆ ದಕ್ಕಿದ್ದೆಷ್ಟು ಎಂಬುದೇ ದಕ್ಷತೆ. ಸಾರವನ್ನು ತಿಳಿಯಲು ಹೈಡ್ರೋಮೀಟರ್ ಬಳಸುತ್ತಾರೆ. ಡೈರಿಗೆ ಹಾಲು ಹಾಕುವ ನಮ್ಮವರಿಗೆ ಲ್ಯಾಕ್ಟೋಮೀಟರ್ ಗೊತ್ತಲ್ಲ, ಅದರ ಸೋದರ. ಅಂದು ಆರಿದ ದ್ರವದ ಸಾಪೇಕ್ಷ ಸಾಂದ್ರತೆ 1.050 ಇತ್ತು. ಅಂದರೆ ತೂಕದಲ್ಲಿ ನೂರಕ್ಕೆ ಸುಮಾರು 12.4 ಭಾಗ ಸಾರ. ಗಾತ್ರವನ್ನು 22 ಲೀಟರ್ ಎಂದು ಹಿಡಿದರೆ ಸಾರ 2.86 ಕಿಲೋ, ದಕ್ಷತೆ ಶೇಕಡ 72. ಸರಿಯಾದ 21.1 ಲೀಟರ್ ಹಿಡಿದರೆ ಸಾರ 2.75 ಕಿಲೋ, ದಕ್ಷತೆ ಶೇಕಡ 69. ನೋಡಿ, ಬಿಸಿನೀರಿನ ತಪ್ಪು ಅಳತೆ ಅವನಿಗೆ ಮೂರು ಅಂಕಗಳನ್ನು ಪುಕ್ಕಟೆಯಾಗಿ ಕೊಟ್ಟಿತ್ತು! ತಪ್ಪು ಅಳತೆ ನಮ್ಮನ್ನು ಬೈಯುವುದಕ್ಕಿಂತ ಹೊಗಳುವಾಗಲೇ ಹೆಚ್ಚು ಅಪಾಯಕಾರಿ. ಬೈದರೆ ಪುನಃ ಅಳೆಯುತ್ತೇವೆ. ಹೊಗಳಿದರೆ ಬರೆದಿಟ್ಟುಕೊಂಡು ಸುಮ್ಮನಾಗುತ್ತೇವೆ.

ಕಾಫಿ ಬೆಳೆಯುವ ನನ್ನ ಬಂಧುಗಳಿಗೆ ಈ ದಕ್ಷತೆಯನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ನಮ್ಮ ‘ಔಟ್‌ಟರ್ನ್’ ಇದೇ ತಾನೆ? 50 ಕಿಲೋ ಒಣ ಚೆರಿಯ ಚೀಲದಿಂದ ಸಿಪ್ಪೆ ಹೋಗಿ ಬೇಳೆ ಎಷ್ಟು ಕಿಲೋ ಬಂದೀತು, 26, 27, 28, ಎಂಬುದರ ಮೇಲೆಯೇ ವ್ಯಾಪಾರ ನಿಲ್ಲುತ್ತದೆ. ನಮ್ಮ ತಂದೆಯವರು ಕಣದಲ್ಲಿ ಒಣಗಿದ ಕಾಫಿಯನ್ನು ಮುಷ್ಟಿಯಲ್ಲಿ ಹಿಡಿದು, ಕಿವಿಯ ಬಳಿ ಅಲ್ಲಾಡಿಸಿ, ಬೇಳೆ ಒಳಗೆ ಗಲಗಲ ಎನ್ನುವುದನ್ನು ಕೇಳಿ ‘ಇನ್ನೂ ಎರಡು ಬಿಸಿಲು ಬೇಕು’ ಎನ್ನುತ್ತಿದ್ದರು. ತೇವ ಉಳಿದರೆ ತೂಕ ಬರುತ್ತದೆ, ಆದರೆ ಅದು ನೀರಿನ ತೂಕ. ಅವರು ಓದಿದ್ದು ನಾಲ್ಕನೆಯ ತರಗತಿ.

ಈಗ ಆ ಚೀಲದ 3 ಲೀಟರಿಗೆ ಬರುತ್ತೇನೆ. ಧಾನ್ಯ ಕುಡಿದದ್ದು ಬರಿಯ ನೀರಲ್ಲ, ಸಿಹಿನೀರು. ನಾನು ಲೆಕ್ಕ ಹಾಕಿದಂತೆ ಆ 3 ಲೀಟರಿನೊಂದಿಗೆ ಸುಮಾರು 300 ಗ್ರಾಂ ಸಾರವೂ ಚೀಲದಲ್ಲೇ ಉಳಿದಿತ್ತು. ಚೀಲವನ್ನು ಹಿಂಡಿದರೆ ಸ್ವಲ್ಪ ದಕ್ಕುತ್ತದೆ. ಇನ್ನೂ ಬೇಕಿದ್ದರೆ ಮೊದಲು ಹಾಕುವ ನೀರಿನಲ್ಲಿ ಎರಡು ಲೀಟರ್ ತೆಗೆದಿಟ್ಟು, ಅದನ್ನು ಕಡೆಯಲ್ಲಿ ಚೀಲದ ಮೇಲೆ ಸುರಿದು ತೊಳೆಯಬೇಕು. ಇದನ್ನು ಕೇಳಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಮನೆಯ ತೆಂಗಿನಹಾಲು. ಅಮ್ಮ ತುರಿದ ಕಾಯಿಯನ್ನು ಅರೆದು ಬಟ್ಟೆಯಲ್ಲಿ ಹಿಂಡಿ ಮೊದಲ ಹಾಲು ತೆಗೆಯುತ್ತಿದ್ದರು. ಅದೇ ತುರಿಗೆ ಬಿಸಿನೀರು ಹಾಕಿ ಎರಡನೆಯ ಹಾಲು, ಮತ್ತೆ ಮೂರನೆಯದು. ಮೊದಲನೆಯದು ಗಟ್ಟಿ, ಮೂರನೆಯದು ಹೆಸರಿಗೆ ಹಾಲು. ಎಲ್ಲಿಗೆ ನಿಲ್ಲಿಸಬೇಕು ಎಂಬುದು ಅಮ್ಮನಿಗೆ ಬಣ್ಣ ನೋಡಿದರೆ ತಿಳಿಯುತ್ತಿತ್ತು. ಅನ್ನಕ್ಕೆ ನೀರಿಡುವಾಗಲೂ ಅಷ್ಟೆ. ‘ಹೊಸ ಅಕ್ಕಿ, ನೀರು ಕಡಿಮೆ ಇಡು. ಹಳೆಯ ಅಕ್ಕಿ ನೀರು ಕುಡಿಯುತ್ತದೆ’ ಎಂದು ಅಕ್ಕನಿಗೆ ಹೇಳುತ್ತಿದ್ದರು.

ನೀರು ಕುಡಿಯುತ್ತದೆ. ಈ ಮಾತು ನಮ್ಮೆಲ್ಲರ ಮನೆಗಳಲ್ಲಿ ದಿನಕ್ಕೊಮ್ಮೆ ಕೇಳಿಬರುವಂಥದ್ದು. ಒರೆಗಾನಿನ ಆ ಹಿತ್ತಿಲಿನಲ್ಲಿ, ತೊಟ್ಟಿಕ್ಕುತ್ತಿದ್ದ ಚೀಲದ ಎದುರು ನಿಂತಾಗ, ಅದೇ ಮಾತನ್ನು ಮೂವತ್ತೈದು ವರ್ಷಗಳ ಹಿಂದೆ ನನಗೆ ಹೇಳಿದ್ದ ಒಬ್ಬ ಹುಡುಗನ ಮುಖ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂತು.

ಅದು 1979. ನಾನು ಎಂಟನೆಯ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದೆ. ಮಿಶ್ರಣಗಳನ್ನು ಬೇರ್ಪಡಿಸುವ ಪಾಠ. ಶಾಲೆಯಲ್ಲಿ ಸೋಸುಕಾಗದವಿರಲಿಲ್ಲ, ರಾಸಾಯನಿಕಗಳಿರಲಿಲ್ಲ. ಇದ್ದದ್ದು ಒಂದು ತಕ್ಕಡಿ, ಎರಡು ಅಳತೆ ಜಾಡಿಗಳು. ಕೊಡಗಿನಲ್ಲಿ ಕಾಫಿಪುಡಿಗೆ ಬರವೇ? ಮನೆಯಿಂದ ಕಾಫಿಪುಡಿ ತಂದೆ, ಹಳೆಯ ಪಂಚೆಯೊಂದನ್ನು ಹರಿದು ಚೌಕಗಳನ್ನು ಮಾಡಿದೆ. ಪ್ರತಿ ಗುಂಪಿಗೆ 10 ಗ್ರಾಂ ಪುಡಿ, 100 ಮಿಲಿಲೀಟರ್ ತಣ್ಣೀರು. ಕಲಕಿ, ಬಟ್ಟೆಯಲ್ಲಿ ಸೋಸಿ, ಕೆಳಗೆ ಬಂದ ದ್ರವವನ್ನು ಅಳೆದು ಬರೆಯಬೇಕು. ಹಿಂಡಿದರೆ ಪುಡಿ ಇಳಿಯುತ್ತದೆಂದು, ‘ಬಟ್ಟೆಯನ್ನು ಯಾರೂ ಹಿಂಡಬಾರದು’ ಎಂದೂ ಅಪ್ಪಣೆ ಮಾಡಿದ್ದೆ.

ಈ ಪ್ರಯೋಗವನ್ನು ನಾನು ಮೊದಲೇ ಮಾಡಿ ನೋಡಿರಲಿಲ್ಲ. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ. ಹಾಕಿದ ನೀರು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಬರುತ್ತದೆ ಎಂದು ನನ್ನ ತಲೆಯಲ್ಲಿ ಕುಳಿತಿತ್ತು. ಗುಂಪುಗಳ ಉತ್ತರಗಳೂ ಹಾಗೆಯೇ ಬಂದವು: 96, 98, 97, ಒಂದು ಗುಂಪಿನದಂತೂ ಪೂರ್ತಿ 100. ಒಬ್ಬ ಹುಡುಗ ಮಾತ್ರ 78 ಎಂದು ಬರೆದಿದ್ದ. ಅವನು ತೋಟವೊಂದರ ಲೈನ್ ಮನೆಯಿಂದ ಬರುತ್ತಿದ್ದವನು, ಹೆಚ್ಚು ಮಾತಿಲ್ಲದವನು.

“ಉಳಿದ 22 ಎಲ್ಲಿ ಹೋಯಿತು? ಚೆಲ್ಲಿದೆಯಾ?” ಎಂದೆ.

“ಇಲ್ಲ ಸಾರ್.”

“ಮತ್ತೆ?”

“ಬಟ್ಟೆ ಕುಡೀತು ಸಾರ್.”

“ಬಟ್ಟೆಗೆ ಬಾಯಿದೆಯೇನೋ?” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅವನ ಪುಸ್ತಕದಲ್ಲಿ ಆ 78ರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಪಾಠ ಮುಗಿಯುವ ತನಕ ನಿಂತೇ ಇರು ಎಂದೆ. ಅವನು ನಿಂತ. ವಾದ ಮಾಡಲಿಲ್ಲ, ಅಳಲೂ ಇಲ್ಲ. ನೆಲದ ಮೇಲೆ ಬಿದ್ದಿದ್ದ ಆ ಒದ್ದೆ ಬಟ್ಟೆಯ ಗಂಟನ್ನೇ ನೋಡುತ್ತಿದ್ದುದು ಮಾತ್ರ ನನಗೆ ನೆನಪಿದೆ. ಮರುವರ್ಷ ಒಂಬತ್ತನೆಯ ತರಗತಿಗೆ ಅವನು ಬರಲಿಲ್ಲ. ಲೈನ್ ಮನೆಗಳ ಎಷ್ಟೋ ಮಕ್ಕಳು ಆಗ ಎಂಟಕ್ಕೇ ಶಾಲೆ ಬಿಡುತ್ತಿದ್ದರು. ನನ್ನ ಸೊನ್ನೆಯಿಂದಲೇ ಹೋದ ಎಂದು ಹೇಳಲಾರೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದೂ ಹೇಳಲಾರೆ.

ಒರೆಗಾನಿನಿಂದ ಬಂದ ಮೇಲೆಯೂ ಈ ನೆನಪನ್ನು ನಾನು ಬಹಳ ಕಾಲ ಮುಂದೂಡಿದೆ. ಕಳೆದ ಪುತ್ತರಿಗೆ ತಂಗಿಯ ಮಗ ಊರಿಗೆ ಬಂದ. ಚಳಿಯ ಬೆಳಗಿನಲ್ಲಿ ನನ್ನ ಹೆಂಡತಿ ಬೆಲ್ಲದ ಕಾಫಿಯನ್ನು ಬಟ್ಟೆಯಲ್ಲಿ ಸೋಸುತ್ತಿರುವಾಗ ಅವನು ನಗುತ್ತಾ, “ಅತ್ತೆಯದೂ ಚೀಲದ ವಿಧಾನವೇ!” ಎಂದ. ಕುಡಿಯುವ ಕಾಫಿಯ ಲೆಕ್ಕ ಸ್ವಲ್ಪ ತೊಡಕಿನದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುವಾಗ ಆವಿ ಹೋಗುತ್ತದೆ, ಆರುವಾಗ ಕುಗ್ಗುತ್ತದೆ. ಆದ್ದರಿಂದ ತಣ್ಣೀರಿನಲ್ಲೇ ಮಾಡೋಣ ಎಂದೆ. ಯಾವ ಪ್ರಯೋಗ, ಏಕೆ ಎಂಬುದನ್ನು ಅವನಿಗೆ ಹೇಳಲಿಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 10 ಗ್ರಾಂ ಕಾಫಿಪುಡಿ. ಅಳತೆ ಜಾಡಿಯಲ್ಲಿ 100 ಮಿಲಿಲೀಟರ್ ನೀರು. ಹಳೆಯ ಪಂಚೆಯ ಚೌಕ, ಒಣಗಿದ್ದಾಗ ಅದರ ತೂಕ 12 ಗ್ರಾಂ. ಕಲಕಿ, ಸೋಸಿ, ಹಿಂಡದೆ ಹದಿನೈದು ನಿಮಿಷ ಬಿಟ್ಟು ಅಳೆದೆವು. ಮೂರು ಸಲ ಮಾಡಿದೆವು. ಮೊದಲ ಸಲ 77. ಎರಡನೆಯ ಸಲ 79. ಮೂರನೆಯ ಸಲ 78.

ಒದ್ದೆ ಗಂಟನ್ನು ತಕ್ಕಡಿಯ ಮೇಲಿಟ್ಟೆವು. ಒಣಗಿದ್ದಾಗ ಬಟ್ಟೆ, ಪುಡಿ ಸೇರಿ 22 ಗ್ರಾಂ ಇದ್ದದ್ದು ಈಗ 42 ಗ್ರಾಂ. ಪುಡಿಯಿಂದ ಒಂದೆರಡು ಗ್ರಾಂ ಸಾರ ಕರಗಿ ಕೆಳಗಿಳಿದಿರುತ್ತದೆ. ಅದನ್ನು ಸೇರಿಸಿಕೊಂಡರೆ ಕಾಣೆಯಾದ ನೀರು ಅಷ್ಟೂ ಆ ಗಂಟಿನಲ್ಲೇ ಇದೆ. ಕಾಫಿಯ ಚರಟ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದುಕೊಳ್ಳುತ್ತದೆ, ಮಿಕ್ಕದ್ದು ಬಟ್ಟೆಯ ಎಳೆಗಳಲ್ಲಿ. ಒಂದು ಹನಿಯೂ ಚೆಲ್ಲಿರಲಿಲ್ಲ.

ಅಂದರೆ ಆ ತರಗತಿಯಲ್ಲಿ ನಿಜವಾಗಿ ಅಳೆದವನು ಅವನೊಬ್ಬನೇ. 96, 97, 98 ಎಂದು ಬರೆದವರು ನನ್ನ ಮುಖವನ್ನು ನೋಡಿ ಬರೆದಿದ್ದರು. 100 ಎಂದು ಬರೆದವರು ಬಹುಶಃ ಜಾಡಿಗೆ ಚೂರು ನೀರು ಸೇರಿಸಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳು ಮೇಷ್ಟರಿಗೆ ಬೇಕಾದದ್ದನ್ನೇ ಕೊಡುತ್ತಾರೆ, ಬೇಕಾದದ್ದು ಏನು ಎಂದು ತಿಳಿಸಿದವನು ನಾನು. ಅವರಿಗೆ ಪೂರ್ಣ ಅಂಕ ಕೊಟ್ಟೆ. ಬಿಸಿನೀರಿನ ಕೋಲಿನಂತೆ ಆ ಅಂಕಗಳು ನನ್ನ ಪಾಠದ ದಕ್ಷತೆಯನ್ನು ನನಗೇ ಹೆಚ್ಚಾಗಿ ತೋರಿಸಿದವು, ನಾನು ಹಿಗ್ಗಿದೆ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆ ಉತ್ತರದ ಭಾಷೆ. ‘ಬಟ್ಟೆ ಕುಡೀತು’ ಎಂಬುದು ಅವನ ತಾಯಿಯ ಅಡುಗೆಮನೆಯ ಮಾತು, ನನ್ನ ತಾಯಿಯದೂ ಹೌದು. ‘ಹಳೆಯ ಅಕ್ಕಿ ನೀರು ಕುಡಿಯುತ್ತದೆ’ ಎಂದಾಗ ನಾನು ಅಮ್ಮನನ್ನು ‘ಅಕ್ಕಿಗೆ ಬಾಯಿದೆಯೇ’ ಎಂದು ಎಂದಾದರೂ ಕೇಳಿದ್ದೆನೆ? ಶಾಲೆಯ ಹೊಸ್ತಿಲು ದಾಟಿದೊಡನೆ ಅದೇ ಮಾತು ನನಗೆ ಹಾಸ್ಯಾಸ್ಪದವಾಗಿ ಕೇಳಿಸಿತು. ಅವನು ‘ಹೀರಿಕೊಳ್ಳುವಿಕೆ’ ಎಂಬ ಪುಸ್ತಕದ ಪದವನ್ನು ಹೇಳಿದ್ದರೆ ಭೇಷ್ ಎನ್ನುತ್ತಿದ್ದೆ. ಅವನು ಹೇಳಿದ್ದೂ ಅದನ್ನೇ.

ಸೇರು, ಪಾವುಗಳ ಕಾಲದಲ್ಲಿ ಹುಟ್ಟಿ, 1956ರ ಕಾಯಿದೆಯ ನಂತರ ಬಂದ ಲೀಟರು ಕಿಲೋಗಳನ್ನು ಮಕ್ಕಳಿಗೆ ಕಲಿಸಿದ ಪೀಳಿಗೆ ನಮ್ಮದು. ಅಂಗಡಿಯ ಸೇರನ್ನು ಗೋಪುರ ಬರುವಂತೆ ತುಂಬಿದ್ದಾರೋ ಬಾಯಿಗೆ ಸಮನಾಗಿ ಸವರಿದ್ದಾರೋ ಎಂದು ನೋಡುವ ಜಾಗರೂಕತೆ ನಮ್ಮ ಹಿರಿಯರಲ್ಲಿತ್ತು. ನಾನು ಹೊಸ ಅಳತೆಗಳನ್ನು ಕಲಿಸಿದೆ, ಆ ಜಾಗರೂಕತೆಯನ್ನು ಕಲಿಸಲು ಮರೆತೆ. ಲೆಕ್ಕ ತಾಳೆಯಾಗದಿದ್ದಾಗ ‘ಚೆಲ್ಲಿದೆಯಾ?’ ಎಂದು ಕೇಳುವ ಮೊದಲು ‘ಬಾ, ಆ ಬಟ್ಟೆಯನ್ನು ತೂಗಿ ನೋಡೋಣ’ ಎಂದಿದ್ದರೆ ಸಾಕಿತ್ತು. ತಕ್ಕಡಿ ಮೇಜಿನ ಮೇಲೆಯೇ ಇತ್ತು.

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಅನುಮತಿಯಿಲ್ಲದೆ ಅವನನ್ನು ಇನ್ನೊಮ್ಮೆ ಎಲ್ಲರ ಮುಂದೆ ನಿಲ್ಲಿಸುವುದು ಸರಿಯಲ್ಲ. ಈಗ ಅವನಿಗೆ ಅರವತ್ತರ ಹತ್ತಿರ ವಯಸ್ಸಾಗಿರಬೇಕು. 1979ರ ಎಂಟನೆಯ ತರಗತಿಯಲ್ಲಿದ್ದ ನೀವು ಈ ಪುಟವನ್ನು ಓದುತ್ತೀರಿ ಎಂದು ನನಗೆ ಗೊತ್ತು. ಅವನು ಯಾರೆಂದು ನಿಮಗೂ ಗೊತ್ತು. ನಿಮ್ಮಲ್ಲಿ ಯಾರಿಗಾದರೂ ಅವನ ಇರವು ತಿಳಿದಿದ್ದರೆ ದಯವಿಟ್ಟು ನನ್ನ ಪರವಾಗಿ ಒಂದು ಮಾತು ತಿಳಿಸಿ. ಮೇಷ್ಟ್ರು ಅದೇ ಪ್ರಯೋಗವನ್ನು ತಾವೇ ಮೂರು ಸಲ ಮಾಡಿ ನೋಡಿದರು, ಸರಾಸರಿ 78 ಬಂತು, ಅವನ ಉತ್ತರ ಸರಿ ಎಂದು. ನೋಡಲು ಬರುತ್ತೇನೆ ಎಂದರೆ ಮನೆ ಅದೇ, ಕಾಫಿ ಇದೆ. ಬರಲು ಮನಸ್ಸಿಲ್ಲದಿದ್ದರೂ ಅಂಕವನ್ನು ತಿದ್ದಿದ್ದೇನೆ ಎಂಬ ಸುದ್ದಿ ಅವನಿಗೆ ತಲುಪಲಿ.